ಲ್ಯಾಬ್ರಡಾರ್ ಮತ್ತು ಪಗ್ ದೆಹಲಿಗೆ: ವಿಮಾನದ ಕಾರ್ಗೋ ಕೋಣೆಯ ಬಗ್ಗೆ ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: ನಾವು ಮೈಸೂರಿನವರು. ನನ್ನ ಪತಿಗೆ ದೆಹಲಿಗೆ ವರ್ಗವಾಗಿದ್ದು, ಮೇ ತಿಂಗಳ ಕೊನೆಯ ವಾರ ಮನೆ ಬದಲಾಯಿಸಬೇಕಾಗಿದೆ. ಅದಕ್ಕೆ ಇನ್ನು ಎಂಟು ವಾರವಿದೆ. ನಮ್ಮಲ್ಲಿ ಎರಡು ನಾಯಿಗಳಿವೆ. ರಾಜ ಒಂಬತ್ತು ವರ್ಷದ ಲ್ಯಾಬ್ರಡಾರ್, ತೂಕ 34 ಕಿಲೋ. ಆರೋಗ್ಯವಾಗಿದ್ದಾನೆ, ಈಚೆಗೆ ಬೊಗಳುವ ದನಿ ಮಾತ್ರ ಸ್ವಲ್ಪ ಗೊಗ್ಗರಾಗಿದೆ. ಪುಟ್ಟಿ ಐದು ವರ್ಷದ ಪಗ್, 9 ಕಿಲೋ ಇದ್ದಾಳೆ. ಅವಳು ಚಿಕ್ಕವಳಾದ್ದರಿಂದ ಹೇಗೋ ನಿಭಾಯಿಸಬಹುದು, ನನಗೆ ರಾಜನದೇ ಚಿಂತೆ. ಸಾಮಾನು ಹಾಕುವ ಜಾಗದಲ್ಲಿ ಗಾಳಿಯೇ ಇರುವುದಿಲ್ಲ, ಮೈನಸ್ ಐವತ್ತು ಡಿಗ್ರಿ ಚಳಿ ಇರುತ್ತದೆ, ನಾಯಿಗಳು ಸತ್ತೇ ಇಳಿಯುತ್ತವೆ ಎಂದು ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ನಿದ್ದೆ ಮಾತ್ರೆ ಕೊಟ್ಟು ಕಳುಹಿಸಿದರೆ ಅವನಿಗೆ ಏನೂ ಗೊತ್ತಾಗುವುದಿಲ್ಲ ಎನ್ನುತ್ತಾರೆ ಭಾವನವರು. ಈ ವಯಸ್ಸಿನಲ್ಲಿ ಅವನನ್ನು ಎಳೆದಾಡುವುದು ಬೇಡ, ನಂಜನಗೂಡಿನ ಹತ್ತಿರ ಪರಿಚಯದವರ ತೋಟದಲ್ಲಿ ಬಿಟ್ಟುಹೋಗಿ ಎಂಬುದು ಅತ್ತೆಯವರ ಅಭಿಪ್ರಾಯ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಬೆರೆತುಕೊಂಡಿವೆ. ವಿಮಾನ ಮೇಲೇರಿದ ನಂತರ ಕಾರ್ಗೋ ಕೋಣೆಯಲ್ಲಿ ರಾಜ ಉಸಿರುಗಟ್ಟಿಯೋ ಚಳಿಯಿಂದಲೋ ಸಾಯಬಹುದು ಎಂಬುದು ಒಂದು. ಮನೆಯವರು ಯಾರೂ ಜೊತೆಗಿಲ್ಲದ ಆ ಕೆಲವು ಗಂಟೆಗಳಲ್ಲಿ ಅವನಿಗೆ ಏನಾದರೂ ಆದರೆ ನೋಡುವವರು ಯಾರು ಎಂಬುದು ಇನ್ನೊಂದು. ಮೊದಲನೆಯ ಭಯಕ್ಕೆ ಆಧಾರ ಕಡಿಮೆ. ಎರಡನೆಯದು ನಿಜವಾದ ಪ್ರಶ್ನೆ, ಮತ್ತು ಅದರ ಉತ್ತರ ವಿಮಾನಕ್ಕಿಂತ ಹೆಚ್ಚಾಗಿ ನಾಯಿಯ ಗಂಟಲನ್ನೂ ನೀವು ಹೊರಡುವ ತಿಂಗಳನ್ನೂ ಅವಲಂಬಿಸಿದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಪುಟ್ಟಿಯನ್ನು ಹೇಗೋ ನಿಭಾಯಿಸಬಹುದು ಎಂದು ಬರೆದಿದ್ದೀರಿ, ಆದರೆ ಪಶುವೈದ್ಯೆಯಾಗಿ ನನಗೆ ಮೊದಲು ಚಿಂತೆಯಾದದ್ದು ಅವಳ ಬಗ್ಗೆಯೇ. ರಾಜನ ವಿಷಯದಲ್ಲಿ ವಯಸ್ಸಿಗಿಂತ, ತೂಕಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ನೀವು ಹೋಗುವ ಮಾತಿನಲ್ಲಿ ಬರೆದ ಆ ಗೊಗ್ಗರು ದನಿ.

ಮೊದಲು ಚಳಿ ಮತ್ತು ಗಾಳಿಯ ಮಾತು. ಮೈನಸ್ ಐವತ್ತು ಡಿಗ್ರಿ ಎಂಬುದು ಪೂರ್ತಿ ಸುಳ್ಳಲ್ಲ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಹೊರಗಿನ ಗಾಳಿ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಆದರೆ ಕಾರ್ಗೋ ಕೋಣೆ ಹೊರಗಿಲ್ಲ. ಪ್ರಯಾಣಿಕ ವಿಮಾನದ ಒಡಲು ಗಾಳಿಯ ಒತ್ತಡವನ್ನು ಹಿಡಿದಿಡುವ ಒಂದೇ ಕೊಳವೆ. ನಿಮ್ಮ ಕಾಲ ಕೆಳಗಿನ ನೆಲ ಆ ಕೊಳವೆಯನ್ನು ಮೇಲೆ ಕೆಳಗೆ ಎಂದು ಭಾಗ ಮಾಡುತ್ತದೆಯೇ ಹೊರತು ಒತ್ತಡವನ್ನು ಬೇರ್ಪಡಿಸುವುದಿಲ್ಲ. ಆದ್ದರಿಂದ ಮೇಲೆ ಕುಳಿತ ನಿಮಗೆ ಎಷ್ಟು ಒತ್ತಡದ ಗಾಳಿ ಸಿಗುತ್ತದೆಯೋ ಕೆಳಗಿರುವ ನಾಯಿಗೂ ಅಷ್ಟೇ ಸಿಗುತ್ತದೆ. ಅದು ಮೈಸೂರಿನ ಗಾಳಿಯಷ್ಟು ದಟ್ಟವಾಗಿರುವುದಿಲ್ಲ ಎಂಬುದು ನಿಜ. ವಿಮಾನದೊಳಗಿನ ಒತ್ತಡ ಹೆಚ್ಚೆಂದರೆ 8,000 ಅಡಿ, ಅಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿಯಬಹುದು. ಊಟಿ ಪಟ್ಟಣಕ್ಕಿಂತ ಸ್ವಲ್ಪ ಮೇಲೆ, ದೊಡ್ಡಬೆಟ್ಟದ ತುದಿಗಿಂತ ಕೆಳಗೆ. ಆರೋಗ್ಯವಂತ ನಾಯಿಗೆ ಅದೊಂದು ವಿಷಯವೇ ಅಲ್ಲ. ಉಸಿರಿನ ದಾರಿ ಮೊದಲೇ ಕಿರಿದಾಗಿರುವ ನಾಯಿಗೆ, ಹೃದ್ರೋಗವಿರುವ ನಾಯಿಗೆ ಮಾತ್ರ ಆ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಉಷ್ಣತೆ ಮತ್ತು ಗಾಳಿಯಾಟದ ವಿಷಯದಲ್ಲಿ ಎಲ್ಲ ವಿಮಾನಗಳೂ ಒಂದೇ ಅಲ್ಲ. ದೊಡ್ಡ ಅಂತಾರಾಷ್ಟ್ರೀಯ ವಿಮಾನಗಳಲ್ಲಿ ಪ್ರಾಣಿಗಳಿಗೆಂದು ಬಳಸುವ ಹಿಂಬದಿಯ ಕೋಣೆಗೆ ಸಾಮಾನ್ಯವಾಗಿ ಬಿಸಿ ಗಾಳಿಯ ವ್ಯವಸ್ಥೆ ಇರುತ್ತದೆ. ಬೆಂಗಳೂರು–ದೆಹಲಿಯಂಥ ದೇಶೀಯ ಮಾರ್ಗಗಳಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ 320 ಮಾದರಿಯಲ್ಲಿ ಕಾರ್ಗೋ ಕೋಣೆಗೆ ಗಾಳಿ ಹರಿಸುವ ಮತ್ತು ಬೆಚ್ಚಗಿಡುವ ವ್ಯವಸ್ಥೆ ಕಡ್ಡಾಯವಲ್ಲ; ಬೇಕೆಂದು ಕೇಳಿದ ಸಂಸ್ಥೆಗೆ ತಯಾರಕರು ಹಾಕಿಕೊಡುತ್ತಾರೆ. ಬೆಂಕಿ ಹತ್ತಿಕೊಂಡರೆ ಹರಡದಂತೆ ಈ ಕೋಣೆಗಳನ್ನು ಬಿಗಿಯಾಗಿ ಕಟ್ಟಿರುವುದರಿಂದ, ವ್ಯವಸ್ಥೆ ಇಲ್ಲದ ವಿಮಾನದಲ್ಲಿ ಒಳಗಿನ ಗಾಳಿ ಅಷ್ಟಾಗಿ ಬದಲಾಗುವುದಿಲ್ಲ. ಹೀಗಾಗಿ ಟಿಕೆಟ್ ಕೊಳ್ಳುವ ಮುನ್ನ ಕಾರ್ಗೋ ವಿಭಾಗಕ್ಕೆ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ “ನಾಯಿಯನ್ನು ಒಯ್ಯುತ್ತೀರಾ” ಎಂಬುದಷ್ಟೇ ಅಲ್ಲ. “ಆ ದಿನ ಹಾರುವ ವಿಮಾನದ ಯಾವ ಕೋಣೆಯಲ್ಲಿ ಇಡುತ್ತೀರಿ, ಅದಕ್ಕೆ ಗಾಳಿಯ ವ್ಯವಸ್ಥೆ ಇದೆಯೇ, ಕೊನೆಯ ಗಳಿಗೆಯಲ್ಲಿ ವಿಮಾನ ಬದಲಾದರೆ ನಾಯಿಯನ್ನು ಏನು ಮಾಡುತ್ತೀರಿ” ಎಂದೂ ಕೇಳಿ. ಸ್ಪಷ್ಟವಾಗಿ ಉತ್ತರಿಸುವ ಸಂಸ್ಥೆಯನ್ನು ಆರಿಸಿಕೊಳ್ಳಿ. ತಡವರಿಸಿದರೆ ಬೇರೆ ಕಡೆ ನೋಡಿ. ಕೋಣೆಯಲ್ಲಿ ಜೀವಂತ ಪ್ರಾಣಿ ಇದೆ ಎಂಬ ಲಿಖಿತ ಸೂಚನೆ ಹೊರಡುವ ಮುನ್ನ ಪೈಲಟ್‌ಗೆ ಹೋಗುವ ಪದ್ಧತಿಯಿದೆ. ಆ ಸೂಚನೆ ತಲುಪಿದೆಯೇ ಎಂದು ವಿಮಾನ ಹತ್ತಿದ ಕೂಡಲೇ ಸಿಬ್ಬಂದಿಯನ್ನು ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಹಾಗಿದ್ದರೆ ನಾಯಿಗಳು ಸಾಯುವುದೇ ಇಲ್ಲವೇ? ಸಾಯುತ್ತವೆ, ವಿರಳವಾಗಿ. ಅಮೆರಿಕದ ವಿಮಾನ ಸಂಸ್ಥೆಗಳು 2005ರ ಮೇ ತಿಂಗಳಿಂದ ಇಂಥ ಪ್ರತಿಯೊಂದು ಸಾವನ್ನೂ ಸರ್ಕಾರಕ್ಕೆ ವರದಿ ಮಾಡಬೇಕಾಗಿದೆ. ಮೊದಲ ಐದು ವರ್ಷಗಳಲ್ಲಿ ಅಲ್ಲಿ ವರದಿಯಾದದ್ದು 122 ನಾಯಿಗಳ ಸಾವು, ಮತ್ತು ಅವುಗಳಲ್ಲಿ ಸುಮಾರು ಅರ್ಧದಷ್ಟು ಮೂತಿ ಚಪ್ಪಟೆಯಾದ ತಳಿಗಳವು. ಇಂಗ್ಲಿಷ್ ಬುಲ್‌ಡಾಗ್ 25, ಪಗ್ 11. ಆ ದೇಶದಲ್ಲಿ ಸಾಕುವ ನಾಯಿಗಳಲ್ಲಿ ಈ ತಳಿಗಳ ಪಾಲು ಅರ್ಧಕ್ಕಿಂತ ಎಷ್ಟೋ ಕಡಿಮೆ ಎಂಬುದನ್ನು ನೆನೆದರೆ, ಪುಟ್ಟಿಯ ಬಗ್ಗೆ ನಾನೇಕೆ ಮೊದಲು ಯೋಚಿಸಿದೆ ಎಂಬುದು ಗೊತ್ತಾಗುತ್ತದೆ.

ಕಾರಣ ನಾಯಿಯ ಮೈ ತಣಿಯುವ ರೀತಿಯಲ್ಲಿದೆ. ನಮ್ಮ ಹಾಗೆ ನಾಯಿ ಮೈತುಂಬ ಬೆವರುವುದಿಲ್ಲ. ನಾಲಗೆ ಚಾಚಿ ತೇಕುವಾಗ ಮೂಗು, ಬಾಯಿ, ಗಂಟಲಿನ ಒದ್ದೆ ಪದರದ ಮೇಲೆ ಗಾಳಿ ಹಾದು ನೀರು ಆವಿಯಾಗಿ ಮೈಬಿಸಿ ಹೊರಹೋಗುತ್ತದೆ. ಇದು ನಡೆಯಬೇಕಾದರೆ ಎರಡು ಅನುಕೂಲ ಬೇಕು: ಉಸಿರಿನ ದಾರಿ ತೆರೆದಿರಬೇಕು, ಸುತ್ತಲಿನ ಗಾಳಿ ಒಣಗಿದ್ದು ಚಲಿಸುತ್ತಿರಬೇಕು. ಪಗ್‌ನ ಮೂಗಿನ ಹೊಳ್ಳೆಗಳು ಸಾಮಾನ್ಯವಾಗಿ ಸೀಳಿನಷ್ಟೇ ಇರುತ್ತವೆ. ತಲೆಬುರುಡೆ ಗಿಡ್ಡವಾದರೂ ಒಳಗಿನ ಮೃದು ಅಂಗುಳ ಗಿಡ್ಡವಾಗಿಲ್ಲ, ಅದು ಗಂಟಲಿಗೆ ಇಳಿಬಿದ್ದು ದಾರಿಯನ್ನು ಅರ್ಧ ಮುಚ್ಚುತ್ತದೆ. ಮನೆಯಲ್ಲಿ ಅವಳು ಗೊರಕೆ ಹೊಡೆದಾಗ ನಾವು ಮುದ್ದು ಮಾಡುವುದು ಇದನ್ನೇ. ಅಪರಿಚಿತ ಸದ್ದು, ಕತ್ತಲೆ, ಸೆಖೆ ಒಟ್ಟಿಗೆ ಬಂದಾಗ ಅವಳು ಜೋರಾಗಿ ತೇಕುತ್ತಾಳೆ. ತೇಕಿದಷ್ಟೂ ಗಂಟಲಿನ ಒಳಪದರ ಬಾತುಕೊಳ್ಳುತ್ತದೆ. ಬಾತಷ್ಟೂ ದಾರಿ ಕಿರಿದಾಗಿ ಮೈಬಿಸಿ ಏರುತ್ತದೆ. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದು 41 ದಾಟಿದರೆ ಒಳಗಿನ ಅಂಗಗಳಿಗೆ ಪೆಟ್ಟಾಗಲು ಆರಂಭವಾಗುತ್ತದೆ, ಮತ್ತು ಆ ಮಟ್ಟ ತಲುಪಲು ಪಗ್‌ಗೆ ಗಂಟೆಗಟ್ಟಲೆ ಸಮಯ ಬೇಕಿಲ್ಲ.

ಇದು ಆಗುವ ಜಾಗ ಯಾವುದು? ನಡುಹಾದಿಯ ಆಕಾಶಕ್ಕಿಂತ ಹೆಚ್ಚಾಗಿ ನೆಲ. ಕಾರ್ಗೋ ಟರ್ಮಿನಲ್‌ನಲ್ಲಿ ಒಪ್ಪಿಸಿದ ಬೋನು ತೂಕ, ಕಾಗದಪತ್ರ, ತಪಾಸಣೆ ಎಂದು ಕಾಯುತ್ತದೆ. ಆಮೇಲೆ ಟ್ರಾಲಿಯಲ್ಲಿ ವಿಮಾನದ ಪಕ್ಕಕ್ಕೆ ಬರುತ್ತದೆ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ, ಎಂಜಿನ್ನುಗಳ ಸದ್ದಿನ ನಡುವೆ ತನ್ನ ಸರದಿಗಾಗಿ ನಿಲ್ಲುತ್ತದೆ. ಕೋಣೆಯ ಬಾಗಿಲು ಮುಚ್ಚಿದ ಮೇಲೂ ವಿಮಾನ ಹೊರಡಲು ತಡವಾದರೆ ಒಳಗೆ ಸೆಖೆ ಏರುತ್ತದೆ. ಇಳಿದ ಮೇಲೆ ಇದೇ ಕ್ರಮ ಹಿಂದುಮುಂದಾಗಿ ನಡೆಯುತ್ತದೆ. ಹಾರಾಟ ಮೂರು ಗಂಟೆಗೂ ಕಡಿಮೆ, ಈ ನೆಲದ ಕೆಲಸ ಒಟ್ಟು ಅದಕ್ಕಿಂತ ಹೆಚ್ಚು. ಅಮೆರಿಕದ ನಿಯಮಗಳು ನಾಯಿಯನ್ನು ವಿಮಾನಕ್ಕೆ ಸಾಗಿಸುವಾಗ 29.5 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ 45 ನಿಮಿಷಕ್ಕಿಂತ ಹೆಚ್ಚು ಹೊತ್ತು ಇಡಬಾರದು ಎನ್ನುತ್ತವೆ. ಮೇ ಕೊನೆಯಲ್ಲಿ ದೆಹಲಿಯ ಹಗಲು 40 ಡಿಗ್ರಿ ದಾಟುತ್ತದೆ, ನಡುರಾತ್ರಿಯಲ್ಲೂ 30ರ ಆಸುಪಾಸಿನಲ್ಲಿರುತ್ತದೆ. ಅಂದರೆ ಯಾವ ಹೊತ್ತಿನ ವಿಮಾನ ಹಿಡಿದರೂ ಆ ಮಿತಿಯ ಅಂಚಿನಲ್ಲೇ ಇರುತ್ತೀರಿ. ಆದ್ದರಿಂದ ಮೇ ಕೊನೆಯ ವಾರ ನಿಮ್ಮ ಎರಡು ನಾಯಿಗಳಲ್ಲಿ ಯಾವುದನ್ನೂ ಕಾರ್ಗೋ ಕೋಣೆಯಲ್ಲಿ ಕಳುಹಿಸಬೇಡಿ. ಪುಟ್ಟಿಯನ್ನಂತೂ ಯಾವ ತಿಂಗಳಲ್ಲೂ ಕಳುಹಿಸಬೇಡಿ. ಹಲವು ವಿಮಾನ ಸಂಸ್ಥೆಗಳು ಈ ತಳಿಗಳನ್ನು ಕಾರ್ಗೋದಲ್ಲಿ ಒಯ್ಯುವುದಿಲ್ಲ ಎಂದು ತಾವೇ ನಿಯಮ ಮಾಡಿಕೊಂಡಿರುವುದು ಇದೇ ಕಾರಣಕ್ಕೆ.

ಈಗ ರಾಜನ ದನಿ. ಎಂಟು–ಒಂಬತ್ತು ವರ್ಷ ದಾಟಿದ ಲ್ಯಾಬ್ರಡಾರ್‌ಗಳಲ್ಲಿ ಧ್ವನಿಪೆಟ್ಟಿಗೆಯನ್ನು ಅಗಲಿಸುವ ನರ ನಿಧಾನವಾಗಿ ಸೋಲುವ ಕಾಯಿಲೆಯೊಂದು ಸಾಮಾನ್ಯ. ಸಹಜ ಸ್ಥಿತಿಯಲ್ಲಿ ಉಸಿರೆಳೆದಾಗ ಗಂಟಲಿನ ಒಳಬಾಗಿಲುಗಳು ಎರಡೂ ಬದಿಗೆ ಸರಿಯಬೇಕು. ಈ ಕಾಯಿಲೆಯಲ್ಲಿ ಅವು ಸರಿಯದೆ ನಡುವೆಯೇ ಜೋತುಬೀಳುತ್ತವೆ. ಮೊದಲ ಲಕ್ಷಣವೇ ಬೊಗಳುವ ದನಿ ಬದಲಾಗುವುದು. ಆಮೇಲೆ ವಾಕಿಂಗ್ ಮುಗಿಸಿ ಬಂದಾಗ ಉಸಿರೆಳೆಯುವಾಗ ಗರಗಸ ಎಳೆದಂಥ ಸದ್ದು, ನೀರು ಕುಡಿದ ಕೂಡಲೇ ಕೆಮ್ಮು, ಹಿಂಗಾಲು ಎಳೆದು ನಡೆಯುವುದು ಕಾಣಿಸಿಕೊಳ್ಳುತ್ತವೆ. ತಂಪು ಹೊತ್ತಿನಲ್ಲಿ, ಮನೆಯಲ್ಲಿ ಮಲಗಿರುವಾಗ ಇಂಥ ನಾಯಿ ಪೂರ್ತಿ ಆರೋಗ್ಯವಾಗಿಯೇ ಕಾಣುತ್ತದೆ. ಸೆಖೆಯಲ್ಲಿ ತೇಕುವ ಪ್ರಸಂಗ ಬಂದಾಗ ಮಾತ್ರ ಅದು ಪಗ್‌ನಷ್ಟೇ ಅಪಾಯಕ್ಕೆ ಸಿಕ್ಕಿಬೀಳುತ್ತದೆ. ರಾಜನಿಗೆ ಇದೇ ಇದೆ ಎಂದು ಪತ್ರ ಓದಿ ಹೇಳಲಾಗದು. ಹೆಚ್ಚು ಬೊಗಳಿದರೂ ದನಿ ಕಟ್ಟುತ್ತದೆ, ಗಂಟಲ ಸೋಂಕಿನಿಂದಲೂ ಕಟ್ಟುತ್ತದೆ. ಆದರೆ ಪ್ರಯಾಣದ ಯಾವ ತೀರ್ಮಾನಕ್ಕೂ ಮೊದಲು ಅವನ ಗಂಟಲನ್ನು ನೋಡಿಸಲೇಬೇಕು. ಹಗುರ ಅರಿವಳಿಕೆ ಕೊಟ್ಟು, ಅವನು ಉಸಿರೆಳೆಯುವಾಗ ಧ್ವನಿಪೆಟ್ಟಿಗೆ ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡುವುದೇ ಇದಕ್ಕೆ ಖಚಿತ ಪರೀಕ್ಷೆ. ಈ ಸೌಲಭ್ಯ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ. ಜೊತೆಗೆ ಅವನು ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಎಂದು ಒಂದು ವಾರ ಎಣಿಸಿ ಬರೆದಿಡಿ. 30ಕ್ಕಿಂತ ಕಡಿಮೆ ಇರಬೇಕು. ಮತ್ತೆ ಮತ್ತೆ ಹೆಚ್ಚಾಗಿ ಕಂಡರೆ ಹೃದಯ, ಶ್ವಾಸಕೋಶಗಳ ಪರೀಕ್ಷೆಯೂ ಆಗಬೇಕು.

ಪುಟ್ಟಿಗೂ ಒಂದು ಸರಳ ಪರೀಕ್ಷೆ ಇದೆ. ವೈದ್ಯರು ಅವಳ ಗಂಟಲಿನ ಮೇಲೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತಾರೆ, ಆಮೇಲೆ ಮೂರು ನಿಮಿಷ ಚುರುಕು ನಡಿಗೆಯಲ್ಲಿ ಓಡಾಡಿಸಿ ಮತ್ತೆ ಕೇಳುತ್ತಾರೆ. ಮೊದಲು ಇಲ್ಲದಿದ್ದ ಸದ್ದು ಓಡಾಟದ ನಂತರ ಕೇಳಿಸಿದರೆ, ಅಥವಾ ಅವಳು ಸುಧಾರಿಸಿಕೊಳ್ಳಲು ತುಂಬ ಹೊತ್ತು ಹಿಡಿದರೆ, ಮೂಗಿನ ಹೊಳ್ಳೆ ಮತ್ತು ಅಂಗುಳದ ಶಸ್ತ್ರಚಿಕಿತ್ಸೆಯ ಬಗ್ಗೆ ಪ್ರಯಾಣಕ್ಕಿಂತ ಮೊದಲು ಮಾತಾಡಬೇಕಾಗುತ್ತದೆ.

ನಿದ್ದೆ ಮಾತ್ರೆಯ ವಿಷಯದಲ್ಲಿ ಭಾವನವರ ಉದ್ದೇಶ ಒಳ್ಳೆಯದೇ, ಆದರೆ ಸಲಹೆ ಅಪಾಯಕಾರಿ. ಇಂಥ ಸಂದರ್ಭದಲ್ಲಿ ಹಿಂದಿನಿಂದ ಕೊಡುತ್ತಿದ್ದ ಏಸ್‌ಪ್ರೊಮಜೀನ್ ರಕ್ತದೊತ್ತಡವನ್ನು ಇಳಿಸುತ್ತದೆ, ಮೈಯ ಉಷ್ಣತೆಯನ್ನು ಕಾಯ್ದುಕೊಳ್ಳುವ ಶಕ್ತಿಯನ್ನು ಕುಂದಿಸುತ್ತದೆ. ಮಂಪರಿನಲ್ಲಿರುವ ನಾಯಿ ಬೋನು ವಾಲಿದಾಗ ಕಾಲೂರಿ ನಿಲ್ಲಲಾರದು, ಕುತ್ತಿಗೆ ಮಡಚಿಕೊಂಡು ಬಿದ್ದರೆ ಸರಿಪಡಿಸಿಕೊಳ್ಳಲಾರದು, ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಗಂಟಲಿನ ಸ್ನಾಯುಗಳು ಸಡಿಲವಾದಾಗ ಪಗ್‌ಗೆ ಉಸಿರಿನ ದಾರಿ ಇನ್ನಷ್ಟು ಮುಚ್ಚುತ್ತದೆ. ಅಂತಾರಾಷ್ಟ್ರೀಯ ವಿಮಾನ ಸಾರಿಗೆ ಸಂಘವಾದ ಐಎಟಿಎ ಮತ್ತು ಅಮೆರಿಕದ ಪಶುವೈದ್ಯರ ಸಂಘ ಎರಡೂ ವಿಮಾನ ಪ್ರಯಾಣಕ್ಕೆ ಮಂಪರು ಔಷಧಿ ಬೇಡವೆಂದೇ ಹೇಳುತ್ತವೆ. ತೂಕಡಿಸುತ್ತಿರುವ ನಾಯಿಯನ್ನು ಕೌಂಟರ್‌ನಲ್ಲೇ ನಿರಾಕರಿಸುವುದೂ ಉಂಟು. ಮನುಷ್ಯರಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಅಳತೆ ಊಹಿಸಿ ಕೊಡುವುದಂತೂ ಎಂದಿಗೂ ಬೇಡ. ರಾಜ ಸ್ವಭಾವತಃ ತುಂಬ ಗಾಬರಿಯ ನಾಯಿಯಾಗಿದ್ದರೆ ಆತಂಕ ಇಳಿಸುವ ಬೇರೆ ಔಷಧಿಗಳಿವೆ. ಅವನ್ನು ನಿಮ್ಮ ವೈದ್ಯರು ಹಲವು ವಾರ ಮೊದಲೇ ಮನೆಯಲ್ಲಿ ಕೊಟ್ಟು ನೋಡಿ, ನಂತರವಷ್ಟೇ ಪ್ರಯಾಣಕ್ಕೆ ಬರೆದುಕೊಡಬೇಕು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಮೇ ತಿಂಗಳಲ್ಲೇ ಎಲ್ಲರೂ ಹೊರಡಬೇಕಾದರೆ ನನ್ನ ಮೊದಲ ಆಯ್ಕೆ ರೈಲು. ಫಸ್ಟ್ ಎಸಿಯ ಇಬ್ಬರ ಕೂಪೆಯನ್ನಾಗಲಿ ನಾಲ್ವರ ಕ್ಯಾಬಿನ್ನನ್ನಾಗಲಿ ಪೂರ್ತಿಯಾಗಿ ಕಾಯ್ದಿರಿಸಿದರೆ ನಾಯಿಯನ್ನು ನಿಮ್ಮ ಜೊತೆಯಲ್ಲೇ ಇಟ್ಟುಕೊಳ್ಳಬಹುದು. ಬೆಂಗಳೂರಿನಿಂದ ಹೊರಡುವ ರಾಜಧಾನಿಯಲ್ಲಾಗಲಿ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಾಗಲಿ ಎರಡು ರಾತ್ರಿ ಕಳೆಯಬೇಕು, ಆದರೆ ತಂಪು ಗಾಳಿ ಇರುತ್ತದೆ, ನೀರು ನಿಮ್ಮ ಕೈಯಿಂದಲೇ ಸಿಗುತ್ತದೆ, ಉಸಿರು ಹೆಚ್ಚಾದರೆ ಆ ಕ್ಷಣವೇ ಗೊತ್ತಾಗುತ್ತದೆ. ತೊಡಕೂ ಇದೆ. ಕೂಪೆ ಸಿಕ್ಕಿತೋ ಇಲ್ಲವೋ ಎಂಬುದು ಚಾರ್ಟ್ ಸಿದ್ಧವಾದಾಗಲೇ ಖಚಿತವಾಗುತ್ತದೆ. ಮೊದಲೇ ಅರ್ಜಿ ಕೊಟ್ಟು, ಲಸಿಕೆಯ ಪುಸ್ತಕ ಮತ್ತು ವೈದ್ಯರ ಪ್ರಮಾಣಪತ್ರದೊಂದಿಗೆ ರೈಲು ಹೊರಡುವುದಕ್ಕೆ ಕೆಲವು ಗಂಟೆ ಮುಂಚೆ ಪಾರ್ಸೆಲ್ ಕಚೇರಿಯಲ್ಲಿ ನಾಯಿಯನ್ನು ಬುಕ್ ಮಾಡಿಸಬೇಕು. ಎರಡು ನಾಯಿಗಳಿಗೆ ಅವಕಾಶ ಹೇಗೆ ಎಂದು ಅಲ್ಲಿಯೇ ಮುಂಚಿತವಾಗಿ ವಿಚಾರಿಸಿಕೊಳ್ಳಿ. ಕೂಪೆ ಸಿಗಲಿಲ್ಲವೆಂದು ಗಾರ್ಡ್ ಬೋಗಿಯ ನಾಯಿಪೆಟ್ಟಿಗೆಗೆ ಮಾತ್ರ ಒಪ್ಪಬೇಡಿ. ಬೇಸಿಗೆಯಲ್ಲಿ ಆ ಕಬ್ಬಿಣದ ಪೆಟ್ಟಿಗೆ ವಿಮಾನದ ಕಾರ್ಗೋ ಕೋಣೆಗಿಂತ ಎಷ್ಟೋ ಕೆಟ್ಟ ಜಾಗ.

ಪುಟ್ಟಿಯನ್ನು ವಿಮಾನದಲ್ಲಿ ನಿಮ್ಮ ಸೀಟಿನ ಮುಂದೆಯೇ ಒಯ್ಯುವ ದಾರಿಯೂ ಇದೆ. ಏರ್ ಇಂಡಿಯಾ ಹಿಂದಿನಿಂದ, ಆಕಾಸ ಏರ್ 2022ರ ನವೆಂಬರ್‌ನಿಂದ ಚಿಕ್ಕ ನಾಯಿಗಳನ್ನು ಕ್ಯಾಬಿನ್‌ನಲ್ಲಿ ಬಿಡುತ್ತಿವೆ. ಚೀಲವೂ ಸೇರಿ ಸುಮಾರು 10 ಕಿಲೋ ಒಳಗಿರಬೇಕು ಎಂಬುದು ಲೆಕ್ಕ. ಮಿತಿಯೂ ತಳಿಯ ನಿಯಮಗಳೂ ಬದಲಾಗುತ್ತಿರುವುದರಿಂದ ಟಿಕೆಟ್‌ಗೆ ಮುನ್ನ ಲಿಖಿತವಾಗಿ ಕೇಳಿಕೊಳ್ಳಿ. 9 ಕಿಲೋ ತೂಕ ಪಗ್‌ಗೆ ಹೇಗಿದ್ದರೂ ಹೆಚ್ಚು. ವೈದ್ಯರ ಸಲಹೆಯಂತೆ ಅನ್ನ, ಬಿಸ್ಕತ್ತು ಕಡಿಮೆ ಮಾಡಿ ವಾರಕ್ಕೆ ನೂರು ಗ್ರಾಂ ಚಿಲ್ಲರೆ ಇಳಿಸಿದರೆ ಎಂಟು ವಾರದಲ್ಲಿ 8 ಕಿಲೋಗೆ ಬರುತ್ತಾಳೆ. ಚೀಲದ ಲೆಕ್ಕ ಸರಿಹೋಗುವುದಷ್ಟೇ ಅಲ್ಲ, ಗಂಟಲ ಸುತ್ತಲಿನ ಕೊಬ್ಬು ಕರಗಿ ಉಸಿರಾಟವೇ ಸುಧಾರಿಸುತ್ತದೆ. ಚೀಲ ಸದಾ ನಿಮ್ಮ ಕಾಲ ಬಳಿಯೇ ಇರಲಿ. 2018ರ ಮಾರ್ಚ್‌ನಲ್ಲಿ ಅಮೆರಿಕದ ವಿಮಾನವೊಂದರಲ್ಲಿ ಫ್ರೆಂಚ್ ಬುಲ್‌ಡಾಗ್ ಮರಿಯೊಂದು ತಲೆಯ ಮೇಲಿನ ಲಗೇಜ್ ಪೆಟ್ಟಿಗೆಯಲ್ಲಿ ಇಡಲ್ಪಟ್ಟು ಸತ್ತದ್ದು ಇದೇ ಕ್ಯಾಬಿನ್‌ನಲ್ಲಿ.

ಅತ್ತೆಯವರ ಸಲಹೆಯಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ರೈಲು ಹೊಂದದಿದ್ದರೆ ರಾಜನನ್ನು ಅಕ್ಟೋಬರ್‌ವರೆಗೆ ಅವನಿಗೆ ಚೆನ್ನಾಗಿ ಪರಿಚಯವಿರುವ ಮನೆಯಲ್ಲಿ, ಅವನ ವೈದ್ಯರಿಗೆ ಹತ್ತಿರದಲ್ಲಿ ಬಿಟ್ಟು, ದೆಹಲಿಯ ಸೆಖೆ ಇಳಿದು ಚಳಿಗಾಲದ ಮಂಜು ಕವಿಯುವ ಮುನ್ನ ಕರೆಸಿಕೊಳ್ಳುವುದು ಒಳ್ಳೆಯ ಉಪಾಯ. ಆದರೆ ಶಾಶ್ವತವಾಗಿ ಬಿಡುವುದು ಬೇಡ. ಒಂಬತ್ತು ವರ್ಷ ಮನೆಯೊಳಗೆ ಬೆಳೆದ ನಾಯಿಯನ್ನು ತೋಟದಲ್ಲಿ ಕಟ್ಟಿಹಾಕಿದರೆ ಊಟ ಬಿಡುವುದನ್ನೂ ತಪ್ಪಿಸಿಕೊಂಡು ಹೋಗುವುದನ್ನೂ ನಾನು ವೃತ್ತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಗಂಟಲಿನ ಪರೀಕ್ಷೆ ಸರಿಯಾಗಿ ಬಂದು ಅಕ್ಟೋಬರ್‌ನಲ್ಲಿ ಅವನು ವಿಮಾನ ಹತ್ತುವುದಾದರೆ, ಬೋನಿನ ಕೆಲಸ ಇಂದೇ ಶುರುವಾಗಲಿ. ಐಎಟಿಎ ಅಳತೆ ಹೀಗಿದೆ: ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಬೋನಿನ ಉದ್ದ, ಭುಜದ ಅಗಲದ ಎರಡರಷ್ಟು ಬೋನಿನ ಅಗಲ, ನಿಂತಾಗ ತಲೆಯ ಅಥವಾ ಕಿವಿಯ ತುದಿಯ ಎತ್ತರಕ್ಕೆ ಹಾಸಿನ ದಪ್ಪ ಸೇರಿಸಿದರೆ ಎತ್ತರ. ರಾಜನ ಉದ್ದ 92, ಮೊಣಕೈ 30, ಭುಜ 26, ತಲೆ 70 ಸೆಂಟಿಮೀಟರ್ ಎಂದುಕೊಂಡರೆ ಅವನಿಗೆ 107 ಉದ್ದ, 52 ಅಗಲ, 70ಕ್ಕಿಂತ ತುಸು ಹೆಚ್ಚು ಎತ್ತರದ ಬೋನು ಬೇಕು. ಬೋಯಿಂಗ್ 737ರ ಸರಕಿನ ಬಾಗಿಲು ಗಿಡ್ಡ; ತೀರಾ ಎತ್ತರದ ಬೋನು ಅದರೊಳಗೆ ಹೋಗದು, ಅಳತೆಯನ್ನು ಕಾರ್ಗೋ ವಿಭಾಗಕ್ಕೆ ಮೊದಲೇ ತಿಳಿಸಿ. ಪ್ಲಾಸ್ಟಿಕ್ ಕ್ಲಿಪ್‌ಗಳ ಬದಲು ಲೋಹದ ನಟ್ಟು ಬೋಲ್ಟು ಹಾಕಿಸಿ, ಬಾಗಿಲಿನ ನಾಲ್ಕು ಮೂಲೆಗೂ ಕೇಬಲ್ ಟೈ ಬಿಗಿಸಿ. ರನ್‌ವೇ ಬಳಿ ಬೋನು ಬಿಚ್ಚಿಕೊಂಡು ಓಡಿಹೋದ ನಾಯಿಗಳಿವೆ. ಬಾಗಿಲನ್ನು ಕಚ್ಚಿ ಕಚ್ಚಿ ಹಲ್ಲು ಮುರಿದುಕೊಂಡು, ಉಗುರು ಕಿತ್ತುಕೊಂಡು ಇಳಿದ ನಾಯಿಗಳು ಅದಕ್ಕಿಂತ ಹೆಚ್ಚು.

ಆ ಕಚ್ಚಾಟ ತಪ್ಪಬೇಕಾದರೆ ಬೋನು ಅವನಿಗೆ ಮಲಗುವ ಮನೆಯಾಗಿರಬೇಕು. ಮೊದಲ ಎರಡು ವಾರ ಬಾಗಿಲು ಕಳಚಿಟ್ಟು ಊಟ ಅಲ್ಲೇ ಹಾಕಿ. ಆಮೇಲೆ ಮಧ್ಯಾಹ್ನದ ನಿದ್ದೆ ಅಲ್ಲಿ, ನಂತರ ಬಾಗಿಲು ಮುಚ್ಚಿ ಹತ್ತು ನಿಮಿಷ, ಅರ್ಧ ಗಂಟೆ, ಒಂದು ರಾತ್ರಿ. ಕೊನೆಗೆ ಬೋನಿನಲ್ಲೇ ಕೂರಿಸಿ ಕಾರಿನಲ್ಲಿ ಬೆಂಗಳೂರಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿ ಇಳಿದಾಗ ಅವನು ಬಾಯಿ ಮುಚ್ಚಿಕೊಂಡು ನಿರಾಳವಾಗಿ ಮಲಗಿದ್ದರೆ ಸಿದ್ಧ. ಜೊಲ್ಲು ಸುರಿಸುತ್ತ ತೇಕುತ್ತಿದ್ದರೆ ಇನ್ನೂ ಸಿದ್ಧವಾಗಿಲ್ಲ.

ಹೊರಡುವ ದಿನ ಒಪ್ಪಿಸುವುದಕ್ಕೆ ನಾಲ್ಕೈದು ಗಂಟೆ ಮೊದಲು ಹಗುರ ಊಟ ಕೊಡಿ, ಟರ್ಮಿನಲ್ ಹೊರಗೆ ಚೆನ್ನಾಗಿ ಓಡಾಡಿಸಿ. ಬೋನಿಗೆ ಸಿಕ್ಕಿಸುವ ನೀರಿನ ಬಟ್ಟಲನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಟ್ಟರೆ ಎತ್ತಿಳಿಸುವಾಗ ಚೆಲ್ಲದೆ, ಕರಗುತ್ತ ಕುಡಿಯಲು ಸಿಗುತ್ತದೆ. ಒಳಗೆ ನೀವು ಉಟ್ಟ, ಒಗೆಯದ ಹಳೆಯ ಬಟ್ಟೆ ಹಾಸಿ. ಕುತ್ತಿಗೆಯ ಚೈನು ತೆಗೆಯಿರಿ. ನೇರ ವಿಮಾನವನ್ನೇ ಹಿಡಿಯಿರಿ, ನೀವೂ ಅದೇ ವಿಮಾನದಲ್ಲಿರಿ.

ದೆಹಲಿಯಲ್ಲಿ ಬೋನು ಕೈಗೆ ಬಂದ ಕೂಡಲೇ ಬಾಗಿಲು ತೆರೆಯಬೇಡಿ. ಕಾರಿನೊಳಗೋ ಮುಚ್ಚಿದ ಕೋಣೆಯೊಳಗೋ ಹೋದ ಮೇಲೆ ತೆರೆದು, ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣವಿದ್ದರೆ ನೀರನ್ನು ಸ್ವಲ್ಪಸ್ವಲ್ಪವಾಗಿ ಕೊಡಿ, ಊಟ ಎರಡು ಗಂಟೆ ಬಿಟ್ಟು. ವಸಡು ಇಟ್ಟಿಗೆಗೆಂಪಾಗಿದ್ದರೆ ಅಥವಾ ನೀಲಿಗಟ್ಟಿದ್ದರೆ, ತೇಕುವುದು ನಿಲ್ಲದಿದ್ದರೆ, ತೂರಾಡಿದರೆ, ಮೈಯನ್ನು ಸಾಮಾನ್ಯ ನೀರಿನಿಂದ ತೋಯಿಸಿ ಎಸಿ ಹಾಕಿ ನೇರ ಆಸ್ಪತ್ರೆಗೆ ಹೋಗಿ. ಅದಕ್ಕಾಗಿ ವಿಮಾನ ನಿಲ್ದಾಣದ ಹತ್ತಿರ ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆಯ ವಿಳಾಸವನ್ನು ಮೈಸೂರಿನಲ್ಲಿರುವಾಗಲೇ ಬರೆದಿಟ್ಟುಕೊಳ್ಳಿ.